ಬಿಸಿಯಾಗದ ಒಲೆ

ಸೌದೆಯ ಒಲೆ ಉರಿಯದಿದ್ದರೆ ಕಾರಣವನ್ನು ಬಹಳ ಹುಡುಕಬೇಕಾಗಿಲ್ಲ. ಸೌದೆ ಹಸಿಯಾಗಿದೆ, ಇಲ್ಲವೆ ಗಾಳಿ ಸಾಲದು. ಕಣ್ಣಿಗೆ ತುಂಬುವ ಹೊಗೆಯೇ ಅದನ್ನು ತಿಳಿಸಿಬಿಡುತ್ತದೆ. ವಿದ್ಯುತ್ತಿನಿಂದ ಕಾಯುವ ಒಲೆ ಹಾಗಲ್ಲ. ಅದು ಸರಿಯಿದ್ದಾಗಲೂ ಕೆಟ್ಟಾಗಲೂ ಹೊರಗಿನಿಂದ ನೋಡುವುದಕ್ಕೆ ಒಂದೇ ಬಗೆಯಾಗಿರುತ್ತದೆ. ಒಳಗೆ ಏನಾಗಿದೆಯೆಂಬುದನ್ನು ವಿಚಾರ ಮಾಡಿಯೇ ತಿಳಿಯಬೇಕು. ಈ ವಿಚಾರಕ್ಕೆ ಪ್ರೌಢಶಾಲೆಯ ಭೌತಶಾಸ್ತ್ರದ ಪುಸ್ತಕದಲ್ಲಿರುವುದಕ್ಕಿಂತ ಹೆಚ್ಚಿನ ಜ್ಞಾನವೇನೂ ಬೇಡವೆಂಬುದು, ನಮ್ಮ ಮನೆಯಲ್ಲಿ ಈಚೆಗೆ ನಡೆದ ಒಂದು ಸಣ್ಣ ಪ್ರಸಂಗದಿಂದ ನನಗೆ ಮನದಟ್ಟಾಯಿತು.

ರಜೆಗೆಂದು ಬಂದಿದ್ದ ಅಕ್ಕನ ಮಗಳು ಒಂದು ಸಂಜೆ ನಾನ್‌ಖಟಾಯಿ ಮಾಡುವೆನೆಂದು ಹೊರಟಳು. ಅವಳು ಪದವಿಪೂರ್ವ ತರಗತಿಯ ಎರಡನೆಯ ವರ್ಷದ ವಿಜ್ಞಾನ ವಿದ್ಯಾರ್ಥಿನಿ. ಹಿಟ್ಟು, ತುಪ್ಪ, ಸಕ್ಕರೆಗಳನ್ನು ನಾದಿ, ಉಂಡೆ ಕಟ್ಟಿ, ತಟ್ಟೆಯಲ್ಲಿ ಸಾಲಾಗಿ ಜೋಡಿಸಿ ವಿದ್ಯುತ್ ಓವನಿನೊಳಗೆ ಇಟ್ಟಳು. 20 ನಿಮಿಷ ಕಳೆದು ಬಾಗಿಲು ತೆರೆದರೆ ಉಂಡೆಗಳು ಇಟ್ಟಂತೆಯೇ ಇದ್ದುವು. ತಟ್ಟೆಯೂ ತಣ್ಣಗಿತ್ತು.

“ಮಾವ, ದೀಪ ಉರಿಯುತ್ತಿದೆ, ಒಲೆ ಮಾತ್ರ ಕಾದಿಲ್ಲ. ಒಳಗಿನ ಸರಳು ಸುಟ್ಟುಹೋಗಿರಬೇಕು. ನಾಳೆ ಹೊಸದೊಂದು ತಂದು ಹಾಕಿಸಿದರಾಯಿತು,” ಎಂದಳು.

“ಇದ್ದರೂ ಇರಬಹುದು. ಆದರೆ ನಾಡಿ ನೋಡದೆ ಔಷಧ ಕೊಡುವ ವೈದ್ಯನನ್ನು ನೀನು ನಂಬುತ್ತೀಯಾ? ಮೊದಲು ಕಂಡದ್ದನ್ನೆಲ್ಲ ಒಂದೊಂದಾಗಿ ಹೇಳು,” ಎಂದೆ.

ಅವಳು ಬೆರಳು ಮಡಿಸುತ್ತ ಹೇಳಿದಳು: ಓವನಿನ ಮುಂದುಗಡೆಯ ಕೆಂಪು ದೀಪ ಉರಿಯುತ್ತಿದೆ, ಕಾಲಸೂಚಕದ ಗುಂಡಿ ಟಿಕ್ ಟಿಕ್ ಎಂದು ಓಡುತ್ತಿದೆ, ಮೇಲಿನ ಸರಳೂ ಕಾದಿಲ್ಲ, ಕೆಳಗಿನ ಸರಳೂ ಕಾದಿಲ್ಲ. ಅಷ್ಟರಲ್ಲಿ ಅಡುಗೆಮನೆಯಿಂದ ಬಂದ ನನ್ನ ಹೆಂಡತಿ, “ಹೋದ ವಾರ ನಾನು ಮಾಡಿದಾಗ ಚೆನ್ನಾಗಿಯೇ ಕಾದಿತ್ತಲ್ಲ,” ಎಂದಳು. ಚೆನ್ನಾಗಿ ಕಾದದ್ದೇನೋ ನಿಜ. ಆ ದಿನದ ಬಿಸ್ಕತ್ತುಗಳು ಇದ್ದಿಲಿನಂತೆ ಕಪ್ಪಾಗಿದ್ದುವು. ಹೊತ್ತು ಮೀರಿ ಒಳಗೆ ಬಿಟ್ಟೆಯೆಂದು ನಾವೆಲ್ಲರೂ ಅವಳನ್ನೇ ದೂರಿದ್ದೆವು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ತಂತಿಯಲ್ಲಿ ಶಾಖ ಹುಟ್ಟುವ ಬಗೆ

ಓವನು ಏಕೆ ಕಾಯುವುದಿಲ್ಲವೆಂದು ಕೇಳುವುದಕ್ಕೆ ಮೊದಲು ಅದು ಏಕೆ ಕಾಯುತ್ತದೆಂದು ಕೇಳುವುದು ಒಳ್ಳೆಯದು. ವಾಹಕದಲ್ಲಿ ಹರಿಯುವ ಪ್ರವಾಹಕ್ಕೂ ವೋಲ್ಟೇಜಿಗೂ ರೋಧಕ್ಕೂ ಇರುವ ಸಂಬಂಧವನ್ನು ಜರ್ಮನಿಯ ಗೆಯೊರ್ಗ್ ಓಮ್ 1827ರಲ್ಲಿ ಪ್ರಕಟಿಸಿದನು. ಪ್ರವಾಹದಿಂದ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೂ ತಂತಿಯ ರೋಧಕ್ಕೂ ಅನುಪಾತದಲ್ಲಿರುತ್ತದೆಂಬುದನ್ನು ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೂಲ್ 1841ರಲ್ಲಿ ಪ್ರಕಟಿಸಿದನು. ಈ ಎರಡು ನಿಯಮಗಳೇ ನಮ್ಮ ಒಲೆಗೆ ಸೌದೆ ಮತ್ತು ಬೆಂಕಿ.

ನಮ್ಮ ಓವನಿನ ಸಾಮರ್ಥ್ಯ 1200 ವ್ಯಾಟ್. ಮೇಲಿನ ತಾಪಕ ಸರಳಿಗೆ 600, ಕೆಳಗಿನದಕ್ಕೆ 600. ಎರಡೂ ಸಮಾನಾಂತರವಾಗಿ ಜೋಡಿಸಲ್ಪಟ್ಟಿವೆ. ಮನೆಗೆ ಬರುವ ವಿದ್ಯುತ್ತು 230 ವೋಲ್ಟಿನದು. 230ರ ವರ್ಗವನ್ನು 600ರಿಂದ ಭಾಗಿಸಿದರೆ ಒಂದೊಂದು ಸರಳಿನ ರೋಧ ಸುಮಾರು 88 ಓಮ್ ಎಂದು ತಿಳಿಯುತ್ತದೆ. ಎರಡೂ ಸೇರಿದಾಗ 44 ಓಮ್. ಆಗ ಹರಿಯುವ ಪ್ರವಾಹ ಸುಮಾರು 5.2 ಆಂಪಿಯರ್.

ಈ ರೋಧವನ್ನು ಪಡೆಯಲು ತಾಮ್ರದ ತಂತಿಯೇ ಸಾಲದೆ ಎಂದು ಯಾರಾದರೂ ಕೇಳಬಹುದು. 0.3 ಮಿಲಿಮೀಟರ್ ವ್ಯಾಸದ ತಾಮ್ರದ ತಂತಿಯಿಂದ 88 ಓಮ್ ಬೇಕಾದರೆ ಅದರ ಉದ್ದ ಸುಮಾರು 360 ಮೀಟರ್ ಆಗಬೇಕು. ಅದನ್ನೆಲ್ಲ ಸುತ್ತಿ ಒಳಗೆ ತುರುಕಿದರೂ ಕೆಂಪಗೆ ಕಾದೊಡನೆ ಅದು ಗಾಳಿಯ ಆಮ್ಲಜನಕದೊಡನೆ ಸೇರಿ ಬೇಗನೆ ಹಾಳಾಗುವುದು. ಅಮೆರಿಕದ ಆಲ್ಬರ್ಟ್ ಮಾರ್ಷ್ ಎಂಬಾತನು ನಿಕ್ಕಲ್ ಮತ್ತು ಕ್ರೋಮಿಯಂಗಳ ಮಿಶ್ರಲೋಹಕ್ಕೆ 1906ರಲ್ಲಿ ಪೇಟೆಂಟು ಪಡೆದನು. ಇದೇ ನೈಕ್ರೋಮ್. ಇದರ ರೋಧ ತಾಮ್ರದ ರೋಧದ 60 ಮಡಿಗೂ ಹೆಚ್ಚು. ಆದಕಾರಣ ಅದೇ ವ್ಯಾಸದ ತಂತಿ 6 ಮೀಟರಿಗಿಂತ ಕಡಮೆಯಿದ್ದರೂ ಸಾಕು. ಅಷ್ಟೇ ಅಲ್ಲ, ಕಾದಾಗ ಇದರ ಮೇಲೆ ಕ್ರೋಮಿಯಂ ಆಕ್ಸೈಡಿನ ತೆಳುವಾದ, ಗಟ್ಟಿಯಾದ ಪೊರೆಯೊಂದು ಹುಟ್ಟಿ ಒಳಗಿನ ಲೋಹವನ್ನು ಗಾಳಿಯಿಂದ ಕಾಪಾಡುತ್ತದೆ.

ಓವನಿನೊಳಗೆ ನಮಗೆ ಕಾಣುವ ಸರಳು ಹೊರಗಿನ ಲೋಹದ ಕೊಳವೆ ಮಾತ್ರ. ಸುರುಳಿ ಸುತ್ತಿದ ನೈಕ್ರೋಮ್ ತಂತಿ ಅದರ ನಡುವೆ ಅಡಗಿದೆ. ತಂತಿಗೂ ಕೊಳವೆಗೂ ನಡುವೆ ಮೆಗ್ನೀಷಿಯಂ ಆಕ್ಸೈಡಿನ ಪುಡಿಯನ್ನು ಒತ್ತಿ ತುಂಬಿರುತ್ತಾರೆ. ಈ ಪುಡಿ ಶಾಖವನ್ನು ಸುಲಭವಾಗಿ ಹಾಯಗೊಡುತ್ತದೆ, ವಿದ್ಯುತ್ತನ್ನು ಹಾಯಗೊಡುವುದಿಲ್ಲ. ಇದಿಲ್ಲದಿದ್ದರೆ ಸರಳನ್ನು ಮುಟ್ಟಿದ ತಟ್ಟೆಗೂ ತಟ್ಟೆಯನ್ನು ಮುಟ್ಟಿದ ಕೈಗೂ ವಿದ್ಯುತ್ತು ತಗಲುತ್ತಿತ್ತು.

ಪ್ರವಾಹ ನಡೆಯುವ ದಾರಿ

ಇನ್ನು ವಿದ್ಯುತ್ತು ಪ್ಲಗ್ಗಿನಿಂದ ಹೊರಟು ಈ ಸರಳುಗಳನ್ನು ತಲುಪುವ ದಾರಿಯನ್ನು ನೋಡೋಣ. ನಮ್ಮ ಓವನಿನಲ್ಲಿ ಅದು ಮೊದಲು ಕಾಲಸೂಚಕದ ಸ್ವಿಚ್ಚನ್ನು ಹಾಯುತ್ತದೆ. ಅಲ್ಲಿಂದ ಮುಂದಕ್ಕೆ ಉಷ್ಣ ಫ್ಯೂಸು, ಆಮೇಲೆ ಥರ್ಮೊಸ್ಟಾಟ್, ಆಮೇಲೆ ಮೇಲಿನ ಸರಳೋ ಕೆಳಗಿನದೋ ಎರಡೂ ಬೇಕೋ ಎಂದು ಆರಿಸುವ ಸ್ವಿಚ್ಚು, ಕೊನೆಗೆ ಸರಳುಗಳು. ಅಲ್ಲಿಂದ ನ್ಯೂಟ್ರಲ್ ತಂತಿಯ ಮೂಲಕ ಪ್ಲಗ್ಗಿಗೆ ಮರಳುತ್ತದೆ. ಕೆಂಪು ದೀಪಕ್ಕೆ ಹೋಗುವ ತಂತಿ ಕಾಲಸೂಚಕವಾದ ಕೂಡಲೇ ಕವಲೊಡೆಯುತ್ತದೆ. ಎಲ್ಲ ಓವನುಗಳಲ್ಲಿಯೂ ಈ ಕ್ರಮ ಒಂದೇ ಅಲ್ಲ. ಕೆಲವುಗಳಲ್ಲಿ ದೀಪವು ಥರ್ಮೊಸ್ಟಾಟಿನ ಆಚೆಗೆ ಇದ್ದು, ಒಲೆ ಕಾದೊಡನೆ ಆರಿ, ತಣಿದೊಡನೆ ಮತ್ತೆ ಹೊತ್ತಿಕೊಳ್ಳುತ್ತದೆ. ನಮ್ಮದರಲ್ಲಿ ಕಾಲಸೂಚಕ ಓಡುತ್ತಿರುವಷ್ಟು ಕಾಲವೂ ದೀಪ ಉರಿಯುತ್ತಲೇ ಇರುತ್ತದೆ.

ಈ ದಾರಿಯಲ್ಲಿ ಎಲ್ಲಿ ಕಡಿದರೂ ಒಲೆ ಕಾಯುವುದಿಲ್ಲ. ಹಾಗೆಂದು ಎಲ್ಲವನ್ನೂ ಬಿಚ್ಚಿ ನೋಡಬೇಕಾಗಿಲ್ಲ.

ಮುಚ್ಚಳ ತೆಗೆಯುವ ಮುನ್ನ

ಕೆಟ್ಟ ಒಲೆ ತನ್ನ ರೋಗವನ್ನು ಸ್ವಲ್ಪಮಟ್ಟಿಗೆ ತಾನೇ ಹೇಳುತ್ತದೆ. ದೀಪವೂ ಉರಿಯದಿದ್ದರೆ ದೋಷ ಒಲೆಯ ಹೊರಗೇ ಇರಬಹುದು. ಅದೇ ಸಾಕೆಟ್ಟಿಗೆ ಬೇರೆ ಉಪಕರಣವನ್ನು ಸಿಕ್ಕಿಸಿ ನೋಡಬೇಕು. ಕಾಲಸೂಚಕವನ್ನು ತಿರುಗಿಸುವುದಕ್ಕೇ ಮರೆತು ಒಲೆ ಕೆಟ್ಟಿತೆಂದು ಗಾಬರಿಯಾಗುವವರೂ ಉಂಟು. ಪ್ಲಗ್ಗಿನ ಕಡ್ಡಿ ಕಪ್ಪಾಗಿದ್ದರೆ ಅಲ್ಲಿನ ಸಂಪರ್ಕ ಸಡಿಲವಾಗಿದೆಯೆಂದು ತಿಳಿಯಬೇಕು. ಸಡಿಲ ಸಂಪರ್ಕದ ರೋಧ ಅರ್ಧ ಓಮ್ ಆದರೂ ಸಾಕು, 5.2 ಆಂಪಿಯರ್ ಪ್ರವಾಹಕ್ಕೆ ಆ ಒಂದೇ ಬಿಂದುವಿನಲ್ಲಿ 13 ವ್ಯಾಟಿಗೂ ಮೀರಿದ ಶಾಖ ಹುಟ್ಟುತ್ತದೆ. ಪ್ಲಾಸ್ಟಿಕ್ಕು ಕರಗುವುದಕ್ಕೆ ಅಷ್ಟು ಬೇಕಾದಷ್ಟಾಯಿತು.

ಸ್ವಿಚ್ಚು ಹಾಕಿದೊಡನೆ ಮನೆಯ ಸೋರಿಕೆ-ರಕ್ಷಕ ಸ್ವಿಚ್ಚು ತಟ್ಟನೆ ಕೆಳಗೆ ಬಿದ್ದರೆ, ವಿದ್ಯುತ್ತು ಎಲ್ಲಿಯೋ ಲೋಹದ ಮೈಗೆ ಸೋರುತ್ತಿದೆಯೆಂದು ಅರ್ಥ. ಮೆಗ್ನೀಷಿಯಂ ಆಕ್ಸೈಡು ಗಾಳಿಯ ತೇವವನ್ನು ಹೀರುವ ವಸ್ತು. ಮಳೆಗಾಲವೆಲ್ಲ ಬಳಸದೆ ಇಟ್ಟ ಒಲೆಯಲ್ಲಿ ಹೀಗಾಗುವುದುಂಟು. ರಕ್ಷಕ ಸ್ವಿಚ್ಚನ್ನು ಬಲವಂತವಾಗಿ ಮೇಲೆತ್ತಿ ಹಿಡಿಯುವುದು ಇದಕ್ಕೆ ಪರಿಹಾರವಲ್ಲ. ಒಲೆಯನ್ನು ತಿಳಿದವರಿಗೆ ತೋರಿಸಬೇಕು. ಇನ್ನು, ಒಂದು ಸರಳು ಕಾದು ಇನ್ನೊಂದು ಕಾಯದಿದ್ದರೆ ಆ ಸರಳೋ ಅದಕ್ಕೆ ಹೋಗುವ ಕವಲೋ ಕೆಟ್ಟಿದೆಯೆಂದು ನಿರ್ಧರಿಸಬಹುದು.

ನಮ್ಮ ಒಲೆಯಲ್ಲಿ ದೀಪ ಉರಿಯುತ್ತಿತ್ತು. ಎಂದಮೇಲೆ ಸಾಕೆಟ್ಟು, ಪ್ಲಗ್ಗು, ಹಗ್ಗ, ಕಾಲಸೂಚಕ ಇಷ್ಟೂ ನಿರಪರಾಧಿಗಳು. ಸರಳುಗಳೆರಡೂ ತಣ್ಣಗಿದ್ದುವು. ಆರಿಸುವ ಸ್ವಿಚ್ಚನ್ನು ‘ಮೇಲೆ’ ಎಂಬಲ್ಲಿಗೂ ‘ಕೆಳಗೆ’ ಎಂಬಲ್ಲಿಗೂ ತಿರುಗಿಸಿ ನೋಡಿದರೂ ಫಲ ಒಂದೇ.

“ಒಂದೇ ದಿನ ಎರಡು ಸರಳೂ ಸುಟ್ಟುಹೋಗುವ ಸಂಭವ ಎಷ್ಟು?” ಎಂದು ಕೇಳಿದೆ.

ಅವಳು ತುಸು ಯೋಚಿಸಿ, “ತೀರ ಕಡಮೆ. ಎರಡಕ್ಕೂ ಸಾಮಾನ್ಯವಾದ ದಾರಿಯಲ್ಲಿಯೇ ಕಡಿದಿರಬೇಕು,” ಎಂದಳು. ಹೊಸ ಸರಳು ತಂದಿದ್ದರೆ ಹಣವೂ ಹೋಗುತ್ತಿತ್ತು, ಒಲೆಯೂ ಕಾಯುತ್ತಿರಲಿಲ್ಲ. ಇನ್ನೂ ಒಂದು ತಿರುಪನ್ನೂ ಬಿಚ್ಚದೆಯೇ ನಾವು ಇಷ್ಟು ದೂರ ಬಂದಿದ್ದೆವು.

ಮೀಟರಿನ ಸಾಕ್ಷಿ

ಮುಂದಿನ ಕೆಲಸವನ್ನು ಬರಿಯ ಉತ್ಸಾಹದಿಂದ ಮಾಡತಕ್ಕದ್ದಲ್ಲ. ಒದ್ದೆ ಕೈಯ ಮನುಷ್ಯನ ದೇಹದ ರೋಧ 2000 ಓಮ್ ಎಂದಿಟ್ಟುಕೊಂಡರೂ 230 ವೋಲ್ಟಿಗೆ ಅದರಲ್ಲಿ 115 ಮಿಲಿಆಂಪಿಯರ್ ಹರಿಯುತ್ತದೆ. ಸೋರಿಕೆ-ರಕ್ಷಕ ಸ್ವಿಚ್ಚುಗಳನ್ನು 30 ಮಿಲಿಆಂಪಿಯರಿಗೇ ಬೀಳುವಂತೆ ಮಾಡಿರುವುದನ್ನು ನೆನೆದರೆ 115 ಎಂಬುದು ಎಂಥ ಅಪಾಯವೆಂದು ಗೊತ್ತಾಗುತ್ತದೆ. ಸ್ವಿಚ್ಚು ಆರಿಸಿದರೆ ಸಾಲದು. ಪ್ಲಗ್ಗನ್ನು ಕಿತ್ತು ಕಣ್ಣಿಗೆ ಕಾಣುವಂತೆ ಹೊರಗಿಡಬೇಕು. ಒಲೆ ಪೂರ್ತಿ ತಣಿದಿರಬೇಕು. ಹೊದಿಕೆಯನ್ನು ತೆಗೆಯುವುದು ಆ ಕೆಲಸ ಬಲ್ಲವರ ಪಾಲಿನದು. ವಿದ್ಯಾರ್ಥಿಗಳು ಪಕ್ಕದಲ್ಲಿ ನಿಂತು ನೋಡಿ ಕಲಿಯಬಹುದು. ಮೈಕ್ರೋವೇವ್ ಓವನಿನ ವಿಷಯ ಬೇರೆಯೇ ಆಗಿದೆ. ಅದರೊಳಗಿನ ಕೆಪಾಸಿಟರ್ ಪ್ಲಗ್ಗು ಕಿತ್ತ ಮೇಲೂ ಸಾವಿರಾರು ವೋಲ್ಟನ್ನು ಹಿಡಿದುಕೊಂಡಿರಬಲ್ಲುದು. ಅದನ್ನು ಮನೆಯಲ್ಲಿ ತೆರೆಯಲೇಕೂಡದು.

ಆದರೆ ಹೊದಿಕೆಯನ್ನು ಮುಟ್ಟದೆ ಮಾಡಬಹುದಾದ ಪರೀಕ್ಷೆಯೊಂದುಂಟು. ಕಿತ್ತಿಟ್ಟ ಪ್ಲಗ್ಗಿನ ಎರಡು ಕಡ್ಡಿಗಳಿಗೆ ಮಲ್ಟಿಮೀಟರಿನ ಮೊನೆಗಳನ್ನು ಮುಟ್ಟಿಸಿ, ಓವನಿನ ಗುಂಡಿಗಳನ್ನು ಕಾಯಿಸುವ ಸ್ಥಿತಿಗೆ ತಿರುಗಿಸಿ, ರೋಧವನ್ನು ಅಳೆಯುವುದು. ದಾರಿ ಸರಿಯಿದ್ದರೆ ನಮ್ಮ ಲೆಕ್ಕದಂತೆ ಸುಮಾರು 44 ಓಮ್ ಬರಬೇಕು. ಬಲ್ಬಿನ ಟಂಗ್‌ಸ್ಟನ್ ತಂತಿಯ ರೋಧ ತಣ್ಣಗಿದ್ದಾಗ ಉರಿಯುವಾಗಿನ ರೋಧದ ಹತ್ತನೆಯ ಒಂದು ಪಾಲಿಗಿಂತಲೂ ಕಡಮೆಯಾಗಬಹುದು. ನೈಕ್ರೋಮಿನಲ್ಲಿ ಈ ವ್ಯತ್ಯಾಸ ಬಹಳ ಅಲ್ಪ. ಆದುದರಿಂದ ತಣ್ಣಗಿರುವಾಗ ಅಳೆದರೂ ಲೆಕ್ಕಕ್ಕೆ ಹತ್ತಿರವಾದ ಅಂಕಿಯೇ ಸಿಗುತ್ತದೆ. ಕೆಂಪು ದೀಪ ನಿಯಾನಿನದು. ಮೀಟರಿನೊಳಗಿನ ಸಣ್ಣ ಬ್ಯಾಟರಿಯ ವೋಲ್ಟೇಜಿಗೆ ಅದು ವಾಹಕವಾಗದು. ಆದಕಾರಣ ಅಳತೆಯನ್ನು ಕೆಡಿಸುವುದಿಲ್ಲ.

ಅಕ್ಕನ ಮಗಳು ಅಳೆದಳು. ಮೀಟರು ಯಾವ ಅಂಕಿಯನ್ನೂ ತೋರಲಿಲ್ಲ. ದಾರಿ ಕಡಿದಿರುವುದು ನಿಶ್ಚಯವಾಯಿತು.

ಮರುದಿನ ಬಡಾವಣೆಯ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರು ತಮ್ಮ ಸಹಾಯಕ ಹುಡುಗನೊಡನೆ ಬಂದರು. ಹೊದಿಕೆ ತೆಗೆದು ಅವರು ಮೊದಲು ಮಾಡಿದ ಕೆಲಸ ನನಗೆ ಬಹಳ ಮೆಚ್ಚುಗೆಯಾಯಿತು. ಒಂದು ತುದಿಯಿಂದ ಪ್ರತಿಯೊಂದು ಕೊಂಡಿಯನ್ನೂ ಪರೀಕ್ಷಿಸುತ್ತ ಹೋಗಲಿಲ್ಲ. ಮೀಟರಿನ ಒಂದು ಮೊನೆಯನ್ನು ಪ್ಲಗ್ಗಿನ ಫೇಸ್ ಕಡ್ಡಿಗೆ ಮುಟ್ಟಿಸಿ, ಇನ್ನೊಂದನ್ನು ದಾರಿಯ ನಡುವೆ, ಉಷ್ಣ ಫ್ಯೂಸು ಮತ್ತು ಥರ್ಮೊಸ್ಟಾಟ್‌ಗಳ ನಡುವಿನ ಕೊಂಡಿಗೆ ಇಟ್ಟರು. ಸಂಪರ್ಕವಿರಲಿಲ್ಲ. ಎಂದರೆ ಕಡಿದಿರುವುದು ದಾರಿಯ ಮೊದಲ ಪಾಲಿನಲ್ಲಿ. ಎರಡನೆಯ ಮೊನೆಯನ್ನು ಫ್ಯೂಸಿನ ಈಚೆಗೆ ತಂದರು. ಮೀಟರು ಸೊನ್ನೆಗೆ ಬಂತು. ಎರಡೇ ಅಳತೆಗಳಲ್ಲಿ ಅಪರಾಧಿ ಸಿಕ್ಕಿಬಿದ್ದಿತ್ತು. ದಾರಿಯನ್ನು ಅರ್ಧ ಮಾಡಿ ನೋಡುವ ಈ ಉಪಾಯದಿಂದ 64 ಕೊಂಡಿಗಳ ಸಾಲಿನಲ್ಲಿ ಕಡಿದ ಒಂದನ್ನು ಹುಡುಕಲು 6 ಅಳತೆಗಳೇ ಸಾಕು. ಸರಳುಗಳನ್ನೂ ಅಳೆದರು: ಒಂದು 86 ಓಮ್, ಇನ್ನೊಂದು 87. ಎರಡೂ ಆರೋಗ್ಯವಾಗಿದ್ದುವು.

ಮಡಿದ ಕಾವಲುಗಾರ

ಉಷ್ಣ ಫ್ಯೂಸು ನೋಡುವುದಕ್ಕೆ ಬೆರಳ ತುದಿಯಷ್ಟು ಉದ್ದದ ಒಂದು ಲೋಹದ ಕೊಳವೆ. ಅದರೊಳಗೆ ನಿಗದಿಯಾದ ಉಷ್ಣತೆಯಲ್ಲಿ ಕರಗುವ ರಾಸಾಯನಿಕ ದ್ರವ್ಯದ ಗುಳಿಗೆಯೊಂದಿದೆ. ಗುಳಿಗೆ ಗಟ್ಟಿಯಾಗಿರುವವರೆಗೆ ಅದು ಒಂದು ಪುಟ್ಟ ಸ್ಪ್ರಿಂಗನ್ನು ಅದುಮಿ ಹಿಡಿದು ಸಂಪರ್ಕವನ್ನು ಕೂಡಿಸಿರುತ್ತದೆ. ಸುತ್ತಲಿನ ಕಾವು ಮಿತಿ ಮೀರಿದರೆ ಗುಳಿಗೆ ಕರಗುತ್ತದೆ, ಸ್ಪ್ರಿಂಗು ಸಡಿಲಗೊಳ್ಳುತ್ತದೆ, ಸಂಪರ್ಕ ಬೇರೆಯಾಗುತ್ತದೆ. ಇದು ಒಮ್ಮೆ ಮಾತ್ರ ನಡೆಯುವ ಕ್ರಿಯೆ. ತಣಿದ ಮೇಲೆ ಅದು ಮತ್ತೆ ಕೂಡುವುದಿಲ್ಲ.

ಸಹಾಯಕ ಹುಡುಗನು ಚುರುಕಾಗಿ, “ಇಷ್ಟೇ ಸಾರ್. ಇದನ್ನು ಕಿತ್ತು ಒಂದು ಚೂರು ತಂತಿ ಸುತ್ತಿಬಿಟ್ಟರೆ ಐದು ನಿಮಿಷದಲ್ಲಿ ಒಲೆ ಕಾಯುತ್ತದೆ,” ಎಂದನು. ಅವನು ಹೇಳಿದುದು ಸುಳ್ಳಲ್ಲ. ಒಲೆ ಖಂಡಿತವಾಗಿ ಕಾಯುತ್ತಿತ್ತು. ಎಷ್ಟೋ ಮನೆಗಳಲ್ಲಿ ಕೆಲಸ ಇಲ್ಲಿಗೇ ಮುಗಿದುಹೋಗುತ್ತದೆ.

“ಆದರೆ ಫ್ಯೂಸು ಹೋದದ್ದೇಕೆ?” ಎಂದು ಅಕ್ಕನ ಮಗಳು ಕೇಳಿದಳು.

ಹಿರಿಯರು ತಲೆಯೆತ್ತಿ ಅವಳನ್ನು ನೋಡಿ ನಕ್ಕರು. “ಅದನ್ನು ಕೇಳಬೇಕಮ್ಮ,” ಎಂದರು.

ಕಡಿದ ಭಾಗ ಸಿಕ್ಕಿದ ಮಾತ್ರಕ್ಕೆ ಕಡಿದ ಕಾರಣ ಸಿಕ್ಕಂತಾಗಲಿಲ್ಲ. ಫ್ಯೂಸು ಇರುವುದೇ ಬೇರೊಂದು ತಪ್ಪನ್ನು ತಡೆಯುವುದಕ್ಕಾಗಿ. ಅದು ಮಡಿದಿರುವಾಗ ಆ ಬೇರೊಂದು ತಪ್ಪು ಇನ್ನೂ ಒಳಗೇ ಇರಬಹುದು. ಕೋಟೆಯ ಕಾವಲುಗಾರನು ಸತ್ತು ಬಿದ್ದಿದ್ದರೆ, ಅವನ ಜಾಗದಲ್ಲಿ ಒಂದು ಬೆದರುಬೊಂಬೆಯನ್ನು ನಿಲ್ಲಿಸಿ ಮಲಗುವವರುಂಟೆ?

ಫ್ಯೂಸು ತಾನಾಗಿ ಮುದಿಯಾಗಿ ಹೋಗುವುದೂ ಉಂಟು. ಅದರ ಪಕ್ಕದ ಕೊಂಡಿ ಸಡಿಲವಾಗಿ ಕಾದು ಹೋಗುವುದೂ ಉಂಟು. ಕೊಂಡಿ ಬಿಗಿಯಾಗಿತ್ತು, ಕಪ್ಪಾಗಿರಲಿಲ್ಲ. ಓವನಿನ ಹಿಂಭಾಗದ ಗಾಳಿಯ ಕಿಂಡಿಗಳು ಮುಚ್ಚಿದ್ದರೆ ಮೈ ಅತಿಯಾಗಿ ಕಾಯಬಹುದು. ನಮ್ಮ ಓವನು ಗೋಡೆಯಿಂದ ಒಂದು ಗೇಣು ದೂರದಲ್ಲಿತ್ತು. ಇನ್ನು ಉಳಿದದ್ದು ಥರ್ಮೊಸ್ಟಾಟ್.

ಥರ್ಮೊಸ್ಟಾಟಿನ ಹೃದಯ ಎರಡು ಲೋಹಗಳನ್ನು ಬೆಸೆದು ಮಾಡಿದ ಒಂದು ಪಟ್ಟಿ. ಹಿತ್ತಾಳೆ ಒಂದು ಡಿಗ್ರಿ ಸೆಲ್ಸಿಯಸ್ ಕಾವೇರಿದರೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 19 ಪಾಲು ಹಿಗ್ಗುತ್ತದೆ. ಶಾರ್ಲ್ ಗೀಯೋಮ್ 1896ರಲ್ಲಿ ಕಂಡುಹಿಡಿದ, ಕಬ್ಬಿಣ ಮತ್ತು ನಿಕ್ಕಲ್‌ಗಳ ಇನ್ವಾರ್ ಎಂಬ ಮಿಶ್ರಲೋಹ ಸಾಮಾನ್ಯ ಉಷ್ಣತೆಯಲ್ಲಿ ಹಿಗ್ಗುವುದು ಒಂದು ಪಾಲಿಗಿಂತ ತುಸು ಹೆಚ್ಚು ಮಾತ್ರ. ಇಂಥ ಶೋಧಗಳಿಗಾಗಿ ಆತನಿಗೆ 1920ರ ಭೌತಶಾಸ್ತ್ರದ ನೊಬೆಲ್ ಬಹುಮಾನ ಬಂತು. ಹೆಚ್ಚು ಹಿಗ್ಗುವ ಲೋಹವನ್ನು ಕಡಮೆ ಹಿಗ್ಗುವ ಲೋಹಕ್ಕೆ ಬೆಸೆದರೆ ಕಾದಾಗ ಪಟ್ಟಿ ಬಾಗಲೇಬೇಕು. ಬಾಗಿದ ಪಟ್ಟಿ ಸಂಪರ್ಕವನ್ನು ಬಿಡಿಸುತ್ತದೆ. ತಣಿದು ನೆಟ್ಟಗಾದಾಗ ಮತ್ತೆ ಕೂಡಿಸುತ್ತದೆ. ಗುಂಡಿಯನ್ನು ತಿರುಗಿಸಿದಾಗ ನಾವು ಬದಲಿಸುವುದು ಎಷ್ಟು ಬಾಗಿದರೆ ಬಿಡಬೇಕೆಂಬುದನ್ನು.

ಸಂಪರ್ಕ ಬಿಡುವ ಪ್ರತಿಯೊಂದು ಸಲವೂ ಅಲ್ಲಿ ಒಂದು ಪುಟ್ಟ ಕಿಡಿ ಹಾರುತ್ತದೆ. ಸಾವಿರಾರು ಕಿಡಿಗಳ ಕೊನೆಗೆ ಒಂದು ದಿನ ಸಂಪರ್ಕದ ಲೋಹ ಕರಗಿ ಒಂದಕ್ಕೊಂದು ಅಂಟಿಕೊಳ್ಳಬಹುದು. ಆಮೇಲೆ ಪಟ್ಟಿ ಎಷ್ಟು ಹೆಣಗಿದರೂ ಅದು ಬಿಡದು. ಒಲೆ ಎಡೆಬಿಡದೆ ಕಾಯುತ್ತಲೇ ಹೋಗುತ್ತದೆ.

ಹಿರಿಯರು ಮೀಟರಿನ ಮೊನೆಗಳನ್ನು ಥರ್ಮೊಸ್ಟಾಟಿನ ಎರಡು ತುದಿಗಳಿಗೆ ಇಟ್ಟು, ಗುಂಡಿಯನ್ನು ಕನಿಷ್ಠ ಗುರುತಿಗಿಂತಲೂ ಹಿಂದಕ್ಕೆ ತಿರುಗಿಸಿದರು. ಅಲ್ಲಿ ‘ಟಕ್’ ಎಂದು ಬಿಟ್ಟುಕೊಳ್ಳಬೇಕು. ಸದ್ದು ಬರಲಿಲ್ಲ. ಮೀಟರು ಸೊನ್ನೆಯಲ್ಲಿಯೇ ನಿಂತಿತ್ತು.

ಹೋದ ವಾರದ ಕಪ್ಪು ಬಿಸ್ಕತ್ತುಗಳ ಗುಟ್ಟು ಆಗ ಬಯಲಾಯಿತು. ಗುಂಡಿ 180 ಡಿಗ್ರಿಯಲ್ಲಿದ್ದರೂ ಒಲೆಗೆ ಅದರ ಮಾತು ಕೇಳಿಸಿರಲಿಲ್ಲ. ದೀಪ ಎಂದಿನಂತೆ ಉರಿಯುತ್ತಲೇ ಇದ್ದುದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಕಾವು ಏರಿ ಏರಿ ಕೊನೆಗೆ ಆ ಪುಟ್ಟ ಗುಳಿಗೆ ಕರಗಿ ದಾರಿಯನ್ನು ಕಡಿದಿತ್ತು. ಆ ದಿನ ಫ್ಯೂಸಿನ ಬದಲು ಒಂದು ಚೂರು ತಂತಿಯಿದ್ದಿದ್ದರೆ, ಬಿಸ್ಕತ್ತಿನ ಬಳಿಕ ತಂತಿಗಳ ಹೊದಿಕೆ, ಅದರ ಬಳಿಕ ಪಕ್ಕದ ಕಿಟಕಿಯ ಪರದೆ ಹೊತ್ತಿಕೊಳ್ಳುತ್ತಿದ್ದುವೋ ಏನೋ!

ದುರಸ್ತಿಯ ಬಳಿಕ

ಹೊಸ ಥರ್ಮೊಸ್ಟಾಟ್ ಒಂದನ್ನೂ, ಹಳೆಯದರ ಮೈಮೇಲೆ ಮುದ್ರಿಸಿದ್ದ ಉಷ್ಣತೆ ಮತ್ತು ಆಂಪಿಯರ್ ಅಂಕಿಗಳೇ ಇರುವ ಉಷ್ಣ ಫ್ಯೂಸನ್ನೂ ಹಾಕಲಾಯಿತು. ಫ್ಯೂಸಿನ ತುದಿಗಳನ್ನು ಬೆಸುಗೆ ಹಾಕದೆ ಲೋಹದ ತೋಳಿನಲ್ಲಿ ಒತ್ತಿ ಕೂಡಿಸಿದರು. ಬೆಸುಗೆಯ ಕಾವಿಗೇ ಒಳಗಿನ ಗುಳಿಗೆ ಕರಗಿ ಹೊಸ ಫ್ಯೂಸು ಹುಟ್ಟುತ್ತಲೇ ಸಾಯುವುದುಂಟಂತೆ.

ಹೊದಿಕೆ ಮುಚ್ಚಿದ ಮೇಲೆ ಅವರು ಮೂರು ಅಳತೆಗಳನ್ನು ಮಾಡಿದರು. ಫೇಸ್ ಮತ್ತು ನ್ಯೂಟ್ರಲ್ ಕಡ್ಡಿಗಳ ನಡುವೆ 43 ಓಮ್; ನಮ್ಮ ಲೆಕ್ಕಕ್ಕೆ ಸರಿಹೋಯಿತು. ಭೂಸಂಪರ್ಕದ ದಪ್ಪ ಕಡ್ಡಿಗೂ ಓವನಿನ ಲೋಹದ ಮೈಗೂ ನಡುವೆ ಸೊನ್ನೆಗೆ ಹತ್ತಿರ. ಎಂದರೆ ಎಂದಾದರೂ ವಿದ್ಯುತ್ತು ಮೈಗೆ ಸೋರಿದರೆ ಅದು ಮನುಷ್ಯನ ಮೂಲಕವಲ್ಲದೆ ತಂತಿಯ ಮೂಲಕ ನೆಲಕ್ಕೆ ಇಳಿದೀತು. ಫೇಸ್ ಕಡ್ಡಿಗೂ ಮೈಗೂ ನಡುವೆ ಸಂಪರ್ಕವೇ ಇಲ್ಲ. ಅದು ಹಾಗೆಯೇ ಇರಬೇಕು. ಈ ಮೂರೂ ಸರಿಬಂದ ಮೇಲೆಯೇ ಪ್ಲಗ್ಗನ್ನು ಸಾಕೆಟ್ಟಿಗೆ ಸಿಕ್ಕಿಸಿದ್ದು.

ಖಾಲಿ ಒಲೆಯೊಳಗೆ ಥರ್ಮಾಮೀಟರನ್ನು ಇಟ್ಟು ಗಾಜಿನ ಬಾಗಿಲಿನ ಮೂಲಕ ನೋಡುತ್ತ ನಿಂತೆವು. ಕಾವು 195 ಡಿಗ್ರಿಗೆ ಏರಿತು, ‘ಟಕ್’ ಎಂಬ ಸದ್ದಾಯಿತು, 165ಕ್ಕೆ ಇಳಿಯಿತು, ಮತ್ತೆ ‘ಟಕ್’. ಗುಂಡಿಯ ಮೇಲಿನ 180 ಎಂಬ ಗುರುತು ಈ ಏರಿಳಿತದ ನಡುವಣ ಅಂಕಿಯೆಂಬುದು ಅಕ್ಕನ ಮಗಳಿಗೆ ಹೊಸ ವಿಷಯವಾಗಿತ್ತು. ಸಹಾಯಕ ಹುಡುಗನು ಹಳೆಯ ಥರ್ಮೊಸ್ಟಾಟನ್ನು ಬಿಚ್ಚಿ, ಅಂಟಿಕೊಂಡಿದ್ದ ಸಂಪರ್ಕವನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದನು. ಹೊರಡುವಾಗ ಅದನ್ನು ಕೇಳಿ ತೆಗೆದುಕೊಂಡು ಹೋದನು.

ಆ ಸಂಜೆಯ ನಾನ್‌ಖಟಾಯಿ ಹದವಾಗಿ ಬೆಂದು ಹೊಂಬಣ್ಣಕ್ಕೆ ಬಂದಿತ್ತು. ಮೊದಲ ತಟ್ಟೆಯನ್ನು ಅಕ್ಕನ ಮಗಳು ನನಗೆ ಕೊಡಲಿಲ್ಲ. ಅದನ್ನು ನೇರವಾಗಿ ತನ್ನ ಅತ್ತೆಯ ಮುಂದೆ ಇಟ್ಟು, “ಹೋದ ವಾರದ ತಪ್ಪು ನಿಮ್ಮದಲ್ಲ ಅತ್ತೆ, ಥರ್ಮೊಸ್ಟಾಟಿನದು,” ಎಂದಳು.

ನಾನೂ ಹೌದೆಂದು ತಲೆಯಾಡಿಸಿದೆ. ಸಾಕ್ಷ್ಯವೆಲ್ಲ ಅವಳ ಕಡೆಗೇ ಇತ್ತು.